ಡಾರ್ಚೆಸ್ಟರ್-ಆನ್-ಥೇಮ್ಸ್‌ನಲ್ಲಿ ಜಿಯೋಕ್ಯಾಷಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಆಕ್ಸ್‌ಫರ್ಡ್‌ನಿಂದ ಆಗ್ನೇಯಕ್ಕೆ ಸುಮಾರು 14 ಕಿಲೋಮೀಟರ್ ಹೋದರೆ ಡಾರ್ಚೆಸ್ಟರ್-ಆನ್-ಥೇಮ್ಸ್ ಸಿಗುತ್ತದೆ. ಚಿಕ್ಕ ಊರು. ಒಂದು ಮುಖ್ಯ ಬೀದಿ, ಊರಿಗೆ ಮೀರಿದ ಅಳತೆಯ ಹಳೆಯ ಚರ್ಚು, ಸುತ್ತ ಹೊಲ, ಅದರಾಚೆ ನದಿ. ಇಂಗ್ಲೆಂಡಿನಲ್ಲಿರುವ ಕನ್ನಡದ ಗೆಳೆಯರನ್ನು, ಊರಿಂದ ಬಂದ ನೆಂಟರನ್ನು ಇಲ್ಲಿ ಡಬ್ಬಿ ಹುಡುಕಲು ಕರೆದುಕೊಂಡು ಹೋಗುವುದು ನನಗೆ ಅಭ್ಯಾಸವಾಗಿದೆ. ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಅವೇ ಪ್ರಶ್ನೆಗಳನ್ನು. ಅದಕ್ಕೇ ಬರೆದಿಡುತ್ತಿದ್ದೇನೆ. ಯಾವ ಡಬ್ಬಿ ಎಲ್ಲಿದೆ ಅಂತ ಮಾತ್ರ ಹೇಳುವುದಿಲ್ಲ. ಅದನ್ನು ಹುಡುಕುವುದೇ ಆಟ.

ಜಿಯೋಕ್ಯಾಷಿಂಗ್ ಅಂದರೆ ಏನು?

ಯಾರೋ ಒಬ್ಬರು ಹೊರಗೆ ಎಲ್ಲೋ ಒಂದು ಡಬ್ಬಿ ಬಚ್ಚಿಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಎಲ್ಲರಿಗೂ ಕಾಣುವ ಹಾಗೆ ಆ್ಯಪ್‌ನಲ್ಲಿ ಹಾಕುತ್ತಾರೆ. ನೀವು ಫೋನ್ ಹಿಡಿದು ಹುಡುಕುತ್ತೀರಿ. ಸಿಕ್ಕರೆ ಒಳಗಿರುವ ಲಾಗ್ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇದ್ದ ಹಾಗೇ ಇಟ್ಟು ಬರುತ್ತೀರಿ. ಆಮೇಲೆ ಆ್ಯಪ್‌ನಲ್ಲಿ ಸಿಕ್ಕಿತು ಅಂತ ದಾಖಲಿಸುತ್ತೀರಿ. ಅಷ್ಟೇ. ಕಣ್ಣಾಮುಚ್ಚಾಲೆಯಲ್ಲಿ ಸಿಕ್ಕವರು ಹೊರಗೆ ಬರುತ್ತಾರೆ. ಇಲ್ಲಿ ಸಿಕ್ಕಿದ್ದು ಮತ್ತೆ ಅಡಗಬೇಕು, ಮುಂದೆ ಬರುವವರಿಗಾಗಿ.

ಇದು ಶುರುವಾಗಿದ್ದು ಯಾವಾಗ?

2000ದ ಮೇ ತಿಂಗಳಿಗೆ ಮುಂಚೆ ಈ ಆಟ ಆಡಲು ಸಾಧ್ಯವೇ ಇರಲಿಲ್ಲ. ಜಿಪಿಎಸ್ ಅಮೆರಿಕದ ಸೇನೆಯದು. ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಅವರು ಬೇಕೆಂದೇ ಸ್ವಲ್ಪ ಕೆಡಿಸುತ್ತಿದ್ದರು. ನಿಂತಿರುವ ಜಾಗ ನೂರು ಮೀಟರ್‌ವರೆಗೂ ತಪ್ಪಾಗಿ ತೋರಿಸುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಆಜ್ಞೆಯ ಮೇರೆಗೆ ಮೇ 2ರಂದು ಅದನ್ನು ನಿಲ್ಲಿಸಿದರು. ಮರುದಿನವೇ ಡೇವ್ ಅಲ್ಮರ್ ಎಂಬವರು ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಒಂದು ಬಕೆಟ್‌ನಲ್ಲಿ ಪುಸ್ತಕ, ಕವಣೆ, ತಿಂಡಿ ಡಬ್ಬ ಅದೂ ಇದೂ ತುಂಬಿಸಿ, ಕಾಡಿನಲ್ಲಿ ಇಟ್ಟು, ಅದರ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಕೆಲವೇ ದಿನಗಳಲ್ಲಿ ಹುಡುಕಿದವರೂ ಹುಟ್ಟಿಕೊಂಡರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆಟಕ್ಕೆ ಒಂದು ವೆಬ್‌ಸೈಟ್ ಶುರುವಾದಾಗ ಇಡೀ ಪ್ರಪಂಚದಲ್ಲಿ ಇದ್ದದ್ದು 75 ಡಬ್ಬಿ. ಈಗ ಮೂವತ್ತು ಲಕ್ಷಕ್ಕೂ ಜಾಸ್ತಿ.

ಇಂಗ್ಲೆಂಡಿನವರಿಗೆ ಮಾತ್ರ ಇದು ಪೂರ್ತಿ ಹೊಸದೇನಲ್ಲ. ಡೆವನ್ ಜಿಲ್ಲೆಯ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲೇ ಜೇಮ್ಸ್ ಪೆರಟ್ ಎಂಬ ದಾರಿ ತೋರಿಸುವವರು ಕ್ರ್ಯಾನ್ಮಿಯರ್ ಪೂಲ್ ಎಂಬ ಜೌಗು ಜಾಗದಲ್ಲಿ ಒಂದು ಬಾಟಲಿ ಇಟ್ಟಿದ್ದರು. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಬರುತ್ತಿದ್ದರು. ಅದರಿಂದ ಲೆಟರ್‌ಬಾಕ್ಸಿಂಗ್ ಅನ್ನುವ ಆಟ ಬೆಳೆಯಿತು. ಇವತ್ತಿಗೂ ಆಡುತ್ತಾರೆ. ಉಪಗ್ರಹ ಬಂದದ್ದು ಆಮೇಲೆ. ನಡೆದು ಹೋಗಿ ಹೆಸರು ಬರೆದು ಬರುವ ಆಸೆ ಅದಕ್ಕಿಂತ ಹಳೆಯದು.

ಯಾವ ಡಾರ್ಚೆಸ್ಟರ್?

ಇದು ಮುಖ್ಯ. ಇಂಗ್ಲೆಂಡಿನ ದಕ್ಷಿಣ ತೀರದ ಹತ್ತಿರ, ಡಾರ್ಸೆಟ್ ಜಿಲ್ಲೆಯಲ್ಲಿ, ಇನ್ನೊಂದು ದೊಡ್ಡ ಡಾರ್ಚೆಸ್ಟರ್ ಇದೆ. ಕಾರಿನಲ್ಲಿ ದಾರಿ ಹಾಕುವಾಗ "ಆನ್ ಥೇಮ್ಸ್" ಮತ್ತು "ಆಕ್ಸ್‌ಫರ್ಡ್‌ಶೈರ್" ಎರಡನ್ನೂ ಸೇರಿಸಿ.

ಊರು ಥೇಮ್ಸ್ ಮೇಲಿದೆ ಅಂತೀರಿ, ಆದರೆ ಸೇತುವೆಯ ಬೋರ್ಡಿನಲ್ಲಿ ಬೇರೆ ಹೊಳೆಯ ಹೆಸರಿದೆಯಲ್ಲ?

ಸರಿಯಾಗಿ ನೋಡಿದ್ದೀರಿ. ಊರಿನ ಅಂಚಿನಲ್ಲಿ ಹರಿಯುವುದು ಟೇಮ್ ಎಂಬ ಚಿಕ್ಕ ಹೊಳೆ. ಅದು ಊರಿನ ದಕ್ಷಿಣಕ್ಕೆ, ಹೊಲಗಳಾಚೆ, ಥೇಮ್ಸ್‌ಗೆ ಸೇರುತ್ತದೆ. ಆ ಸಂಗಮಕ್ಕಿಂತ ಮೇಲಿನ ಥೇಮ್ಸ್ ಅನ್ನು ಐಸಿಸ್ ಅಂತಲೂ ಕರೆಯುತ್ತಾರೆ. ಟೇಮ್ ಮತ್ತು ಐಸಿಸ್ ಸೇರಿ ಥೇಮ್ಸ್ ಆಯಿತು ಅಂತ ಹಳಬರು ನಂಬಿದ್ದರು. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆ ಆದ ಹಾಗೆ. ನಮ್ಮದು ನಿಜ, ಇವರದು ಆಮೇಲೆ ಹುಟ್ಟಿದ ಕತೆ. ಜೂಲಿಯಸ್ ಸೀಸರ್ ಕಾಲದಲ್ಲೇ ನದಿಗೆ ಟಮೆಸಿಸ್ ಅನ್ನುವ ಹೆಸರಿತ್ತು. ಆದರೂ ಆ ಸಂಗಮದ ದಡದಲ್ಲಿ ನಿಂತಾಗ ನನಗೆ ಕೂಡಲಿಯೇ ನೆನಪಾಗುತ್ತದೆ. ಅಲ್ಲಿ ದೇವಸ್ಥಾನ ಇದೆ, ಇಲ್ಲಿ ಹುಲ್ಲುಗಾವಲು, ಹಂಸಗಳು. ನೀರು ನೀರಿಗೆ ಸೇರುವುದನ್ನು ನೋಡುತ್ತಾ ಸುಮ್ನೆ ನಿಲ್ಲಬಹುದು.

ಏನೇನು ಬೇಕು?

ಜಿಯೋಕ್ಯಾಷಿಂಗ್ ಆ್ಯಪ್ ಹಾಕಿದ ಫೋನ್, ಒಂದು ಪೆನ್, ನೀರು, ಒದ್ದೆಯಾದರೂ ಪರವಾಗಿಲ್ಲ ಅನ್ನುವಂಥ ಬೂಟು. ಪೆನ್ ಅನ್ನು ಜನ ತುಂಬಾ ಮರೆಯುತ್ತಾರೆ. ಚಿಕ್ಕ ಡಬ್ಬಿಯಲ್ಲಿ ಪೆನ್ ಹಿಡಿಸುವುದಿಲ್ಲ, ಹಾಗಾಗಿ ಒಳಗೆ ಇರುತ್ತದೆ ಅಂತ ನಂಬಬೇಡಿ. ಫೋನಿಗೆ ಚಾರ್ಜ್ ಮಾಡುವ ಪವರ್ ಬ್ಯಾಂಕ್ ಇದ್ದರೆ ಒಳ್ಳೆಯದು. ಪರದೆ ಯಾವಾಗಲೂ ಉರಿಯುತ್ತಿರುವುದರಿಂದ ಬ್ಯಾಟರಿ ಬೇಗ ಇಳಿಯುತ್ತದೆ. ಊರಿನ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡಿರಿ.

ಅಂಕಿಗಳನ್ನು ಓದುವುದು ಹೇಗೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮೊದಲ ಸಲ ನಾನೇ ಇದರಲ್ಲಿ ಅರ್ಧ ದಿನ ಕಳೆದುಕೊಂಡೆ.

ಈ ಆಟದಲ್ಲಿ ಅಕ್ಷಾಂಶವನ್ನು ಡಿಗ್ರಿ ಮತ್ತು ನಿಮಿಷದಲ್ಲಿ ಬರೆಯುತ್ತಾರೆ. ನಿಮಿಷಕ್ಕೆ ದಶಮಾಂಶ ಇರುತ್ತದೆ. ಡಾರ್ಚೆಸ್ಟರ್ ಊರು ಸುಮಾರು ಉತ್ತರ 51 ಡಿಗ್ರಿ 38.6 ನಿಮಿಷದಲ್ಲಿದೆ. ಇದನ್ನು ಫೋನಿನ ಮಾಮೂಲಿ ನಕ್ಷೆಗೆ 51.386 ಅಂತ ಹಾಕಿದರೆ ನೀವು ಸುಮಾರು 29 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ. ಒಂದು ಡಿಗ್ರಿಗೆ ಅರವತ್ತು ನಿಮಿಷ. ಹಾಗಾಗಿ 38.6 ಅನ್ನು 60ರಿಂದ ಭಾಗಿಸಬೇಕು. ಆಗ ಸಿಗುವುದು 51.643. ಅದು ಸರಿಯಾದ ಅಂಕಿ.

ಇನ್ನೊಂದು ಎಚ್ಚರ. ನಮ್ಮೂರು ರೇಖಾಂಶದ ಎಣಿಕೆ ಶುರುವಾಗುವ ಗ್ರೀನಿಚ್‌ನ ಪೂರ್ವಕ್ಕಿದೆ, ಡಾರ್ಚೆಸ್ಟರ್ ಪಶ್ಚಿಮಕ್ಕಿದೆ. ರೇಖಾಂಶಕ್ಕೆ ಪಶ್ಚಿಮ ಅಂತ ಹಾಕುವುದನ್ನು, ಇಲ್ಲವೇ ಮೈನಸ್ ಗುರುತನ್ನು ಮರೆಯಬಾರದು.

ನಿಮಿಷದ ಮೂರನೆಯ ದಶಮಾಂಶ ಅಂದರೆ ನೆಲದ ಮೇಲೆ ಉತ್ತರ ದಕ್ಷಿಣವಾಗಿ ಎರಡು ಮೀಟರ್‌ಗಿಂತ ಸ್ವಲ್ಪ ಕಡಿಮೆ. ಅಷ್ಟು ಸೂಕ್ಷ್ಮವಾಗಿ ಅಂಕಿ ಕೊಟ್ಟರೂ ನಿಮ್ಮ ಫೋನ್ ಅಷ್ಟು ಸೂಕ್ಷ್ಮವಲ್ಲ. ಮರದ ಕೆಳಗೆ, ಎತ್ತರದ ಕಲ್ಲಿನ ಗೋಡೆಯ ಪಕ್ಕ ಸಂಕೇತ ಅಡ್ಡಾದಿಡ್ಡಿ ಬರುತ್ತದೆ. ಬಾಣದ ಗುರುತು ಹತ್ತು ಮೀಟರ್ ಒಳಗೆ ಬಂತು ಅಂದರೆ ಫೋನನ್ನು ಜೇಬಿಗೆ ಹಾಕಿ, ಕಣ್ಣು ಬಿಟ್ಟು ನೋಡಿ. "ನಾನಾಗಿದ್ದರೆ ಎಲ್ಲಿ ಇಡುತ್ತಿದ್ದೆ?" ಅಂತ ಕೇಳಿಕೊಳ್ಳಿ. ಬೇರಿನ ಸಂದು, ಗೇಟಿನ ಕಂಬದ ಹಿಂಬದಿ, ಯಾರೋ ಕೈಯಲ್ಲಿ ಜೋಡಿಸಿದ ಹಾಗೆ ಕಾಣುವ ಕಡ್ಡಿಗಳ ರಾಶಿ.

ಡಬ್ಬಿ ಎಷ್ಟು ದೊಡ್ಡದಿರುತ್ತದೆ? ಕಷ್ಟವಾ?

ಮೈಕ್ರೋ ಅಂದರೆ ಹಳೆಯ ಫಿಲ್ಮ್ ರೋಲ್ ಡಬ್ಬಿಯಷ್ಟು, ಅಥವಾ ಇನ್ನೂ ಚಿಕ್ಕದು. ನ್ಯಾನೋ ಬೆರಳ ತುದಿಯಷ್ಟೇ, ಅಯಸ್ಕಾಂತದಿಂದ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ಸ್ಮಾಲ್ ಅಂದರೆ ಊಟದ ಡಬ್ಬಿ. ರೆಗ್ಯುಲರ್ ಅದಕ್ಕಿಂತ ದೊಡ್ಡದು. ಪ್ರತಿ ಡಬ್ಬಿಗೆ ಎರಡು ಅಂಕ ಕೊಟ್ಟಿರುತ್ತಾರೆ. ಒಂದು ಹುಡುಕುವ ಕಷ್ಟಕ್ಕೆ, ಇನ್ನೊಂದು ದಾರಿಯ ಕಷ್ಟಕ್ಕೆ. ಎರಡೂ 1ರಿಂದ 5ರವರೆಗೆ. ದಾರಿಗೆ 1 ಇದ್ದರೆ ಗಾಲಿಕುರ್ಚಿಯಲ್ಲೂ ತಲುಪಬಹುದು ಅಂತ ಅರ್ಥ. ಮೊದಲ ದಿನ ಎರಡೂ 2ಕ್ಕಿಂತ ಕೆಳಗಿರುವುದನ್ನೇ ಆರಿಸಿಕೊಳ್ಳಿ. ಹಿಂದೆ ಹೋದವರು ಬರೆದದ್ದನ್ನೂ ಓದಿ. ಕೊನೆಯ ನಾಲ್ಕು ಜನರಿಗೂ ಸಿಗದಿದ್ದರೆ ಅದು ಬಹುಶಃ ಅಲ್ಲಿ ಇಲ್ಲ.

ಆ ದೊಡ್ಡ ಚರ್ಚಿನೊಳಗೆ ಡಬ್ಬಿ ಹುಡುಕಬಹುದಾ?

ಒಳಗೆ ಡಬ್ಬಿ ಹುಡುಕುವುದು ಬೇಡ. ಒಳಗೆ ಹೋಗುವುದನ್ನು ಮಾತ್ರ ಬಿಡಬೇಡಿ.

ಬ್ರಿಟನ್ನಿನಲ್ಲಿ ಚರ್ಚ್ ಮೈಕ್ರೋ ಅಂತ ಒಂದು ಸರಣಿ ಇದೆ. ದೇಶದ ಉದ್ದಗಲಕ್ಕೂ ಸಾವಿರಾರು ಚರ್ಚುಗಳ ಸುತ್ತ ಹಬ್ಬಿದೆ. ಹೆಚ್ಚಿನವು ಬಹು ಹಂತದವು. ಮೊದಲ ಅಂಕಿ ನಿಮ್ಮನ್ನು ಚರ್ಚಿನ ಅಂಗಳಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಡಬ್ಬಿ ಇರುವುದಿಲ್ಲ, ಪ್ರಶ್ನೆ ಇರುತ್ತದೆ. ಬಾಗಿಲ ಮೇಲಿನ ವರ್ಷ ಯಾವುದು? ಬೆಂಚಿನ ಮೇಲೆ ಎಷ್ಟು ಹೆಸರಿದೆ? ಉತ್ತರಗಳನ್ನು ಕೂಡಿ ಕಳೆದರೆ ನಿಜವಾದ ಡಬ್ಬಿಯ ಜಾಗ ಸಿಗುತ್ತದೆ. ಅದು ಊರ ಹೊರಗಿನ ಬೇಲಿಯಲ್ಲೋ ಕಾಲುದಾರಿಯ ಕಂಬದಲ್ಲೋ ಇರುತ್ತದೆ. ಪವಿತ್ರ ಜಾಗವನ್ನು ತಡಕಾಡದೆ ಅದನ್ನು ತೋರಿಸುವ ಈ ಉಪಾಯ ನನಗೆ ತುಂಬಾ ಇಷ್ಟ.

ಈ ಊರಿನ ದೊಡ್ಡ ಚರ್ಚಿಗೆ ಡಾರ್ಚೆಸ್ಟರ್ ಅಬ್ಬೆ ಅಂತ ಹೆಸರು, ಅಂದರೆ ಹಿಂದೆ ಕ್ರೈಸ್ತ ಮಠವಾಗಿದ್ದ ಚರ್ಚು. ಅಲ್ಲಿ ನೋಡಲು ಏನೇನಿದೆ ಅಂದರೆ, ಮೊದಲು ಇತಿಹಾಸ ಒಂದಿಷ್ಟು. 635ರಲ್ಲಿ ಬಿರಿನಸ್ ಎಂಬ ಬಿಷಪ್ ವೆಸೆಕ್ಸ್ ರಾಜ್ಯದ ದೊರೆ ಕಿನೆಗಿಲ್ಸ್‌ಗೆ ಇಲ್ಲಿ ಕ್ರೈಸ್ತ ದೀಕ್ಷೆ ಕೊಟ್ಟರು. ಆ ಕಾಲಕ್ಕೆ ಇದು ಒಂದು ಸೀಮೆಗೇ ಧರ್ಮಪೀಠ. ನಮ್ಮಲ್ಲಿ ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದ ವರ್ಷಗಳು ಅವು. ಐಹೊಳೆಯ ಶಾಸನ ಕೆತ್ತಿದ್ದು 634ರಲ್ಲಿ. ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಇಲ್ಲಿನ ಕಾಲದ ಅಂದಾಜು ಸಿಕ್ಕಿತು. ಈಗ ಕಾಣುವ ಕಟ್ಟಡ 12ನೇ ಶತಮಾನದಿಂದ ಈಚೆಯದು. 1536ರಲ್ಲಿ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಇದನ್ನೂ ಕೆಡವಿ ಕಲ್ಲು ಮಾರಿಬಿಡುತ್ತಿದ್ದರೇನೋ. ರಿಚರ್ಡ್ ಬೋಫಾರೆಸ್ಟ್ ಎಂಬ ಊರಿನ ಸಾಹುಕಾರ 140 ಪೌಂಡ್ ಕೊಟ್ಟು ಕೊಂಡು ಊರಿಗೇ ಉಳಿಸಿದ. ಇಂಥ ಚಿಕ್ಕ ಊರಿಗೆ ಇಷ್ಟು ದೊಡ್ಡ ಚರ್ಚು ಯಾಕೆ ಅನ್ನುವುದಕ್ಕೆ ಅದೇ ಉತ್ತರ.

ಒಳಗೆ ಉತ್ತರದ ಗೋಡೆಯಲ್ಲಿ ಜೆಸ್ಸಿ ಕಿಟಕಿ ಇದೆ, 14ನೇ ಶತಮಾನದ್ದು. ಕಿಟಕಿಯ ಕಲ್ಲಿನ ಚೌಕಟ್ಟೇ ಮರದ ಹಾಗೆ ಕೊಂಬೆ ಚಾಚಿದೆ. ಬುಡದಲ್ಲಿ ಯೇಸುವಿನ ಪೂರ್ವಜ ಜೆಸ್ಸಿ ಮಲಗಿದ್ದಾನೆ, ಕೊಂಬೆಗಳಲ್ಲಿ ಅವನ ವಂಶದವರು. ಸೀಸದ ದೀಕ್ಷಾಪಾತ್ರೆ 12ನೇ ಶತಮಾನದ್ದು, ಸುತ್ತಲೂ ಕುಳಿತ ಯೇಸುವಿನ ಶಿಷ್ಯರ ಉಬ್ಬುಚಿತ್ರ. ಸೀಸವನ್ನು ಕರಗಿಸಿ ಬೇರೆ ಕೆಲಸಕ್ಕೆ ಬಳಸುವುದು ಸುಲಭ, ಹಾಗಾಗಿ ಇಂಥವು ಇಂಗ್ಲೆಂಡಿನಲ್ಲಿ ಉಳಿದಿರುವುದೇ ಕಡಿಮೆ. ಆಮೇಲೆ ಒಬ್ಬ ಯೋಧನ ಕಲ್ಲಿನ ಮೂರ್ತಿ, 13ನೇ ಶತಮಾನದ್ದು. ಸಮಾಧಿಯ ಮೇಲಿನ ಮೂರ್ತಿಗಳು ಸಾಮಾನ್ಯವಾಗಿ ಕೈ ಮುಗಿದು ಮಲಗಿರುತ್ತವೆ. ಇವನು ಕತ್ತಿ ಹಿರಿಯುತ್ತಿದ್ದಾನೆ, ಮೈಯೆಲ್ಲ ತಿರುಚಿಕೊಂಡಿದೆ. ನೆಲದ ಮೇಲೆ ಸಾರಾ ಫ್ಲೆಚರ್ ಎಂಬಾಕೆಯ ಕಲ್ಲು ಇದೆ. 1799ರಲ್ಲಿ, 29ನೇ ವಯಸ್ಸಿನಲ್ಲಿ ತೀರಿಕೊಂಡರು. ಅತಿಯಾದ ಸೂಕ್ಷ್ಮ ಮನಸ್ಸಿಗೆ ಬಲಿಯಾದರು ಎಂಬ ಅರ್ಥದ ಮಾತು ಅದರ ಮೇಲಿದೆ. 1, 7, 9, 9 ಕೂಡಿಸಿದರೆ 26 ಅಂತ ಲೆಕ್ಕ ಹಾಕಲು ಬಗ್ಗುವಂಥ ಆಟ ಇದು. ಬಗ್ಗಿದ ಮೇಲೆ ಆಕೆಯ ಕತೆಯನ್ನೂ ಓದದೆ ಏಳಬೇಡಿ.

ಪೂಜೆ, ಮದುವೆ, ಸಾವಿನ ಕಾರ್ಯ ನಡೆಯುತ್ತಿದ್ದರೆ ಆ ಹೊತ್ತು ಬಿಟ್ಟು ಬನ್ನಿ. ಸಮಾಧಿ ಕಲ್ಲುಗಳಿಗೆ ಒರಗಬೇಡಿ, ಹಿಂದೆ ಕೈ ಹಾಕಬೇಡಿ. ಹಳೆಯ ಕಲ್ಲುಗೋಡೆಯ ಸಂದಿನಿಂದ ಕಲ್ಲು ಎಳೆಯುವುದಂತೂ ಬೇಡವೇ ಬೇಡ. ಒಳ್ಳೆಯ ಆಟಗಾರರು ಅಲ್ಲಿ ಡಬ್ಬಿ ಇಡುವುದಿಲ್ಲ.

ಊರ ಹೊರಗಿನ ಆ ಎರಡು ಉದ್ದನೆಯ ದಿಬ್ಬಗಳ ಮೇಲೆ ಹುಡುಕಬಹುದಾ?

ಅವು ಡೈಕ್ ಹಿಲ್ಸ್. ನೋಡಲು ಕೆರೆಯ ಏರಿಯ ಹಾಗೆ. ಎರಡು ಏರಿ, ನಡುವೆ ಕಂದಕ. ಇವು ಎರಡು ಸಾವಿರ ವರ್ಷಕ್ಕೂ ಹಿಂದಿನ ಕೋಟೆಯ ಗೋಡೆಗಳು. ಉಳಿದ ದಿಕ್ಕುಗಳನ್ನು ಥೇಮ್ಸ್ ಮತ್ತು ಟೇಮ್ ಕಾಯುತ್ತಿದ್ದವು, ತೆರೆದ ಕಡೆಗೆ ಜನ ಮಣ್ಣು ಹೊತ್ತು ಏರಿ ಹಾಕಿದರು. ರೋಮನ್ನರು ಬರುವ ಮುಂಚೆ ಇಲ್ಲಿ ಒಂದು ದೊಡ್ಡ ನೆಲೆಯೇ ಇತ್ತು.

ಇಲ್ಲಿ ಡಬ್ಬಿ ಹುಡುಕಬೇಡಿ, ಇಡಬೇಡಿ, ನೆಲ ಕೆದಕಬೇಡಿ. ಕಾನೂನಿನ ರಕ್ಷಣೆ ಇರುವ ಸ್ಮಾರಕ ಇದು. ಒಪ್ಪಿಗೆ ಇಲ್ಲದೆ ಲೋಹಶೋಧಕ ಹಿಡಿದು ತಿರುಗುವುದೂ ಅಪರಾಧ. ಆ ಕಾನೂನಿಗೂ ಈ ದಿಬ್ಬಕ್ಕೂ ಸಂಬಂಧ ಇದೆ. 1870ರ ಸುಮಾರಿಗೆ ಜಮೀನಿನವರು ಉಳುಮೆಗಾಗಿ ಏರಿಯನ್ನು ಕಡಿದು ಸಮ ಮಾಡಲು ಹೊರಟರು. ಮುಂದೆ ಪಿಟ್-ರಿವರ್ಸ್ ಎಂದು ಹೆಸರಾದ ಪುರಾತತ್ವಜ್ಞರೂ ಇನ್ನೂ ಹಲವರೂ ಗಲಾಟೆ ಎಬ್ಬಿಸಿದರು. ಹೀಗೆ ಎದ್ದ ಕೂಗುಗಳಿಂದಲೇ 1882ರಲ್ಲಿ ಬ್ರಿಟನ್ನಿನ ಮೊದಲ ಪ್ರಾಚೀನ ಸ್ಮಾರಕ ಕಾಯ್ದೆ ಬಂತು.

ನಮಗೆ ಇದು ದೂರದ ಮಾತಲ್ಲ. 2019ರಲ್ಲಿ ಆನೆಗುಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಗೆ ಕಿತ್ತು ಹಾಕಿದ್ದು ನೆನಪಿರಬೇಕು. ಅದನ್ನು ಕೇಳಿದ ದಿನ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗಿತ್ತು. ಈ ಆಟವನ್ನೂ ನಿಧಿ ಹುಡುಕಾಟ ಅಂತ ಕರೆಯುತ್ತಾರೆ, ಮಕ್ಕಳಿಗೆ ಹಾಗೆ ಹೇಳಿದರೆ ಖುಷಿ. ಆದರೆ ಇಲ್ಲಿ ಡಬ್ಬಿಯನ್ನು ನೆಲ ಅಗೆದು ಹೂಳಬಾರದು ಎಂಬುದು ನಿಯಮ. ಅಗೆದು ಇಡದ್ದನ್ನು ಹುಡುಕಲು ಯಾರೂ ಅಗೆಯಬೇಕಿಲ್ಲ.

ದಿಬ್ಬದ ಪಕ್ಕದ ಕಾಲುದಾರಿಯಲ್ಲಿ ಧಾರಾಳವಾಗಿ ನಡೆಯಬಹುದು. ಸಂಜೆ ಬಿಸಿಲು ಓರೆಯಾದಾಗ ಕಂದಕದಲ್ಲಿ ನೆರಳು ತುಂಬಿ, ಏರಿಯ ಆಕಾರ ಎದ್ದು ಕಾಣುತ್ತದೆ.

ಕಾಲುದಾರಿ ಹೊಲದ ನಡುವೆ ಹೋಗುತ್ತದೆ. ಯಾರಾದರೂ ಬೈಯುತ್ತಾರಾ?

ಸಾರ್ವಜನಿಕ ಕಾಲುದಾರಿ ಆಗಿದ್ದರೆ ಬೈಯುವಂತಿಲ್ಲ. ಜಮೀನು ಖಾಸಗಿ, ದಾರಿಯ ಹಕ್ಕು ಎಲ್ಲರದು. ಹಳದಿ ಬಾಣ ಇದ್ದರೆ ನಡೆಯುವವರಿಗೆ. ನೀಲಿ ಬಾಣ ಇದ್ದರೆ ಕುದುರೆ, ಸೈಕಲ್ಲಿನವರಿಗೂ ಹೌದು. ದಾರಿ ಬಿಟ್ಟು ಹೊಲಕ್ಕೆ ಇಳಿಯುವ ಹಕ್ಕು ಮಾತ್ರ ನಿಮಗಿಲ್ಲ. ಫೋನಿನ ಬಾಣ ಹೊಲದ ನಡುವೆ ನೇರ ತೋರಿಸಿದರೂ ಸುತ್ತು ಹಾಕಿಕೊಂಡೇ ಹೋಗಿ. ಬಹುಪಾಲು ಡಬ್ಬಿಗಳು ದಾರಿಯಿಂದ ಕೈಗೆಟುಕುವ ಹಾಗೇ ಇರುತ್ತವೆ.

ಬೇಲಿ ದಾಟಲು ಮರದ ಮೆಟ್ಟಿಲು, ಒಬ್ಬೊಬ್ಬರೇ ನುಸುಳುವ ಗೇಟು ಇರುತ್ತವೆ. ಮಲೆನಾಡಿನವರಿಗೆ ತಡಮೆ, ಉಣುಗೋಲು ಗೊತ್ತಲ್ಲ, ಅದೇ ವಿಚಾರ. ಮುಚ್ಚಿದ ಗೇಟನ್ನು ಮುಚ್ಚಿ, ತೆರೆದಿದ್ದನ್ನು ತೆರೆದೇ ಬಿಡಿ. ಕರು ಹಾಕಿದ ಹಸುಗಳಿದ್ದರೆ ದೂರದಿಂದ ಹೋಗಿ. ಅವು ನಮ್ಮ ಮನೆಯ ಗಂಗೆ ಗೌರಿಯರ ಹಾಗೆ ಮನುಷ್ಯರಿಗೆ ಒಗ್ಗಿಕೊಂಡಿರುವುದಿಲ್ಲ. ಹಸುಗಳ ಮತ್ತು ಕರುಗಳ ನಡುವೆ ಎಂದೂ ನಡೆಯಬೇಡಿ.

ನದಿ ದಾಟಿ ಬೆಟ್ಟದವರೆಗೆ ಹೋಗಬಹುದಾ?

ಹೋಗಲೇಬೇಕು. ಹುಲ್ಲುಗಾವಲು ದಾಟಿದರೆ ಡೇಸ್ ಲಾಕ್ ಬರುತ್ತದೆ. ದೋಣಿಗಳನ್ನು ಒಂದು ಮಟ್ಟದ ನೀರಿನಿಂದ ಇನ್ನೊಂದು ಮಟ್ಟಕ್ಕೆ ಏರಿಸಿ ಇಳಿಸುವ ಕಟ್ಟೆ ಇದು, 1789ರಲ್ಲಿ ಕಟ್ಟಿದ್ದು. ಗೇಟು ಮುಚ್ಚಿ, ನೀರು ತುಂಬಿ, ದೋಣಿ ಮೆಲ್ಲಗೆ ಮೇಲೇಳುವುದನ್ನು ಮಕ್ಕಳು ಎಷ್ಟು ಹೊತ್ತು ಬೇಕಾದರೂ ನೋಡುತ್ತಾರೆ. ಪಕ್ಕದ ಲಿಟಲ್ ವಿಟೆನ್‌ಹ್ಯಾಮ್ ಕಾಲುಸೇತುವೆಯಿಂದ ಕಡ್ಡಿ ಬೀಳಿಸಿ, ಯಾರದು ಮೊದಲು ಆಚೆ ತೇಲಿ ಬರುತ್ತದೆ ಅಂತ ನೋಡುವ ಆಟದ ವಿಶ್ವ ಪಂದ್ಯ 1984ರಿಂದ ಹಲವು ವರ್ಷ ಇಲ್ಲೇ ನಡೆಯಿತು. ಆಮೇಲೆ ವಿಟ್ನಿ ಪಟ್ಟಣಕ್ಕೆ ಹೋಯಿತು. ಪಂದ್ಯ ಇಲ್ಲದಿದ್ದರೂ ನೀವು ಕಡ್ಡಿ ಬಿಡಬಹುದು.

ಸೇತುವೆ ದಾಟಿದರೆ ವಿಟೆನ್‌ಹ್ಯಾಮ್ ಕ್ಲಂಪ್ಸ್. ಎರಡು ಬೋಳು ಗುಡ್ಡ, ತಲೆಯ ಮೇಲೆ ಬೀಚ್ ಮರಗಳ ಗುಂಪು. ರೌಂಡ್ ಹಿಲ್ ಸುಮಾರು 120 ಮೀಟರ್ ಎತ್ತರ. ಸುತ್ತಲಿನ ನೆಲ ಚಪ್ಪಟೆ ಇರುವುದರಿಂದ ತುಂಬಾ ದೂರ ಕಾಣುತ್ತದೆ. ಚಿತ್ರಕಾರ ಪಾಲ್ ನ್ಯಾಶ್ ಜೀವನದುದ್ದಕ್ಕೂ ಮತ್ತೆ ಮತ್ತೆ ಬರೆದದ್ದು ಈ ಗುಡ್ಡಗಳನ್ನೇ. ಪಕ್ಕದ ಕ್ಯಾಸಲ್ ಹಿಲ್ ಮೇಲೆ ಕಬ್ಬಿಣ ಯುಗದ ಕೋಟೆಯ ಕಂದಕ ಇದೆ. ಅಲ್ಲಿ ಮನಿ ಪಿಟ್ ಅಂತ ಒಂದು ತಗ್ಗು. ಅದರಲ್ಲಿ ನಿಧಿ ಇದೆ, ಅದನ್ನು ಒಂದು ದೊಡ್ಡ ಕಾಗೆಯ ಭೂತ ಕಾಯುತ್ತದೆ ಅಂತ ಊರಿನವರ ಕತೆ. ನಮ್ಮ ಕಡೆ ನಿಧಿ ಕಾಯುವುದು ಸರ್ಪ, ಇಲ್ಲಿ ಕಾಗೆ. ಇದನ್ನು ಹೇಳಿದಾಗ ನನ್ನ ಅತ್ತೆಯವರು ಅಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದರು.

ಜೋಸೆಫ್ ಟಬ್ ಎಂಬವರು 1844-45ರಲ್ಲಿ ಇದೇ ಗುಡ್ಡದ ಒಂದು ಬೀಚ್ ಮರದ ತೊಗಟೆಯ ಮೇಲೆ ತಾವೇ ಕಟ್ಟಿದ ಪದ್ಯ ಕೆತ್ತಿದ್ದರು. ಮರ 2012ರಲ್ಲಿ ಬಿತ್ತು. ಪದ್ಯವನ್ನು ಬರೆದಿಟ್ಟ ಕಲ್ಲು ಈಗಲೂ ಇದೆ, ಹುಡುಕಿ ಓದಿ. ಆದರೆ ನೀವು ಮರಗಳ ಮೇಲೆ ಏನನ್ನೂ ಕೆತ್ತಬೇಡಿ.

ಕೆಳಗಿನ ಲಿಟಲ್ ವಿಟೆನ್‌ಹ್ಯಾಮ್ ಕಾಡು ಜುಟ್ಟಿರುವ ಒಂದು ಜಾತಿಯ ನೀರುಹಲ್ಲಿಗಳಿಗಾಗಿ ಕಾಪಾಡಿದ ಕಾಡು. ಅರ್ಥ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಬಿದ್ದ ಮರದ ದಿಮ್ಮಿ, ಕಲ್ಲುಗಳನ್ನು ಎತ್ತಿ ನೋಡುವ ಅಭ್ಯಾಸ ಅಲ್ಲಿ ಬೇಡ. ಅದರ ಕೆಳಗೆ ಮಲಗಿರುವುದು ಡಬ್ಬಿ ಅಲ್ಲದೇ ಇರಬಹುದು.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್‌ನಿಂದ ಅಕ್ಟೋಬರ್. ಚಳಿಗಾಲದಲ್ಲಿ ಡಾರ್ಚೆಸ್ಟರ್‌ಗೂ ಡೇಸ್ ಲಾಕ್‌ಗೂ ನಡುವಿನ ಹುಲ್ಲುಗಾವಲಿಗೆ ಥೇಮ್ಸ್ ನುಗ್ಗುತ್ತದೆ. ಎಲ್ಲಿ ದಾರಿ, ಎಲ್ಲಿ ಕಾಲುವೆ ಅಂತ ಗೊತ್ತಾಗುವುದಿಲ್ಲ. ಮಳೆ ಜಾಸ್ತಿ ಬಂದ ವಾರ ಹೋಗುವುದಾದರೆ ಸರ್ಕಾರದ ಪರಿಸರ ಏಜೆನ್ಸಿಯ ವೆಬ್‌ಸೈಟಿನಲ್ಲಿ ಡೇಸ್ ಲಾಕ್‌ನ ನೀರಿನ ಮಟ್ಟ ನೋಡಿ ಹೊರಡಿ. ಬೇಸಿಗೆಯಲ್ಲಿ ಹುಲ್ಲು, ಬಳ್ಳಿ ಬೆಳೆದು ಹುಡುಕುವುದು ಕಷ್ಟ. ಎಲೆ ಉದುರಿದ ಮೇಲೆ ಸುಲಭ, ಆದರೆ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ನನಗೆ ಅಕ್ಟೋಬರ್ ಇಷ್ಟ.

ಹಾವು, ಚೇಳು?

ಅದರ ಭಯ ಬೇಡ. ಚಿಂತೆ ಮಾಡಬೇಕಾದ್ದು ಎರಡು. ಒಂದು ತುರಚಿ ಗಿಡ, ಬೇಸಿಗೆಯಲ್ಲಿ ಬೇಲಿಯುದ್ದಕ್ಕೂ. ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿ. ಇನ್ನೊಂದು ರಕ್ತ ಹೀರುವ ಉಣ್ಣಿ ಹುಳ, ಹುಲ್ಲಿನಿಂದ ಮೈಗೆ ಹತ್ತುತ್ತದೆ. ಕೆಲವು ಉಣ್ಣಿಗಳಿಂದ ಲೈಮ್ ಕಾಯಿಲೆ ಬರಬಹುದು. ಮನೆಗೆ ಬಂದ ಮೇಲೆ ಮಕ್ಕಳ ಮಂಡಿ ಸಂದು, ಕಂಕುಳು, ಕಿವಿಯ ಹಿಂದೆ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಆಮೇಲೆ ಆ ಜಾಗದ ಸುತ್ತ ಕೆಂಪು ಹರಡಿದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರಿಗೆ ಆಗುತ್ತಾ?

ಖಂಡಿತ. ಊರೊಳಗಿನ ಸುತ್ತು ಸಮತಟ್ಟು. ಅಬ್ಬೆ, ಹುಲ್ಲು ಹೊದಿಸಿದ ಹಳೆಯ ಮನೆಗಳು, ಕುದುರೆ ಗಾಡಿಗಳ ಕಾಲದ ಜಾರ್ಜ್ ವಸತಿಗೃಹ, ಟೇಮ್ ಸೇತುವೆ. ಬೆಟ್ಟಕ್ಕೆ ಮಂಡಿ ನೋವಿರುವವರನ್ನು ನಡೆಸಬೇಡಿ. ಗುಡ್ಡದ ಹತ್ತಿರವೇ ಕಾರು ನಿಲ್ಲಿಸುವ ಜಾಗ ಇದೆ, ಅಲ್ಲಿಂದ ಏರು ಕಡಿಮೆ. ಹಿರಿಯರಿಗೆ ಫೋನ್ ಕೊಡಬೇಡಿ, ಸುಳಿವನ್ನು ಕನ್ನಡದಲ್ಲಿ ಓದಿ ಹೇಳಿ. ನನ್ನ ಅಮ್ಮನಿಗೆ ಅಂಕಿ ಯಾವುದೂ ತಿಳಿಯಲಿಲ್ಲ, ಆದರೆ "ಈ ಕಲ್ಲನ್ನ ಯಾರೋ ಎತ್ತಿಟ್ಟಿದ್ದಾರೆ ನೋಡೋ" ಅಂತ ಮೊದಲು ಕಂಡಿದ್ದು ಅವರಿಗೇ. ಐವತ್ತು ವರ್ಷ ಕಣಜ, ಅಟ್ಟ, ಹಿತ್ತಿಲು ನೋಡಿಕೊಂಡ ಕಣ್ಣು ಅದು.

ಜನ ಗುರಾಯಿಸಿ ನೋಡಿದರೆ?

ಆಟ ಗೊತ್ತಿಲ್ಲದವರನ್ನು ಇಲ್ಲಿ ಮಗಲ್ ಅನ್ನುತ್ತಾರೆ. ಅವರ ಎದುರು ಡಬ್ಬಿ ತೆಗೆಯಬಾರದು, ಯಾಕೆಂದರೆ ಆಮೇಲೆ ಅದು ಮಾಯವಾಗುತ್ತದೆ. ಶೂ ದಾರ ಕಟ್ಟಿಕೊಳ್ಳಿ, ಫೋಟೋ ತೆಗೆಯಿರಿ, ಅವರು ಹೋಗಲಿ. ಯಾರಾದರೂ ನೇರವಾಗಿ ಕೇಳಿದರೆ ಮುಚ್ಚುಮರೆ ಬೇಡ, ನಗುತ್ತಾ ಇದ್ದದ್ದು ಹೇಳಿ. ನಮ್ಮ ಬಣ್ಣದವರು ಹಳ್ಳಿಯ ಬೇಲಿಯಲ್ಲಿ ತಡಕಾಡುತ್ತಿದ್ದರೆ ಒಮ್ಮೊಮ್ಮೆ ಜಾಸ್ತಿ ಹೊತ್ತು ನೋಡುತ್ತಾರೆ. ಆ ಮುಜುಗರ ನನಗೂ ಆಗಿದೆ. ಆ್ಯಪ್ ತೆರೆದು ತೋರಿಸಿದರೆ ಹೆಚ್ಚಿನವರು ತಾವೂ ಹುಡುಕಲು ನಿಲ್ಲುತ್ತಾರೆ.

2011ರಲ್ಲಿ ಯಾರ್ಕ್‌ಶೈರಿನ ವೆದರ್ಬಿ ಪಟ್ಟಣದಲ್ಲಿ ಒಂದು ಡಬ್ಬಿಯನ್ನು ಬಾಂಬ್ ಇರಬಹುದೆಂದು ಸೇನೆಯವರು ಸ್ಫೋಟಿಸಿದರು. ಅದಕ್ಕೇ ಡಬ್ಬಿಯ ಮೇಲೆ ಇದು ಜಿಯೋಕ್ಯಾಷ್ ಅಂತ ಬರೆದಿರಬೇಕು, ಊರ ನಡುವೆ ಇಡುವಾಗ ಜಾಗದವರಿಗೆ ಗೊತ್ತಿರಬೇಕು.

ಡಬ್ಬಿಯೊಳಗಿನ ಸಾಮಾನು ತೆಗೆದುಕೊಳ್ಳಬಹುದಾ?

ಒಂದು ತೆಗೆದರೆ ಅಷ್ಟೇ ಬೆಲೆಯ ಇನ್ನೊಂದು ಇಡಿ. ಮಕ್ಕಳಿಗೆ ಇದೇ ದೊಡ್ಡ ಸಂಭ್ರಮ. ಗೋಲಿ, ಬಳೆ, ಚನ್ನಪಟ್ಟಣದ ಪುಟ್ಟ ಬುಗುರಿ ಇಡಬಹುದು. ನಮ್ಮ ಮನೆಯವರು ಇಡುವುದು ಬುಗುರಿಯನ್ನೇ. ತಿಂಡಿ, ಬೆಂಕಿಪೊಟ್ಟಣ, ಊದುಬತ್ತಿ ಬೇಡ. ವಾಸನೆಗೆ ಪ್ರಾಣಿಗಳು ಡಬ್ಬಿ ಕಚ್ಚಿ ಹಾಕುತ್ತವೆ. ಸಂಖ್ಯೆ ಒತ್ತಿದ ಲೋಹದ ಬಿಲ್ಲೆ ಸಿಕ್ಕರೆ ಅದು ಟ್ರ್ಯಾವಲ್ ಬಗ್. ಅದನ್ನು ಇಟ್ಟುಕೊಳ್ಳುವಂತಿಲ್ಲ, ಇನ್ನೊಂದು ಡಬ್ಬಿಗೆ ಸಾಗಿಸಬೇಕು. ರಜೆಗೆ ಊರಿಗೆ ಹೋಗುವವರು ಬೆಂಗಳೂರಿನ ಡಬ್ಬಿಗೆ ಒಯ್ದು ಹಾಕಬಹುದು, ಅಲ್ಲೂ ಕೆಲವು ಇವೆ.

ನಾನೇ ಒಂದು ಡಬ್ಬಿ ಇಡಬಹುದಾ?

ಇಡಬಹುದು, ಆದರೆ ಮೊದಲು ಇಪ್ಪತ್ತು ಮೂವತ್ತಾದರೂ ಹುಡುಕಿ. ಜಾಗದ ಮಾಲೀಕರ ಒಪ್ಪಿಗೆ ಬೇಕು. ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರ ಇರಬೇಕು. ಸ್ವಯಂಸೇವಕರೊಬ್ಬರು ನೋಡಿ ಒಪ್ಪಿದ ಮೇಲೆ ಪ್ರಕಟವಾಗುತ್ತದೆ. ಒದ್ದೆಯಾದರೆ, ಕಳೆದುಹೋದರೆ ಹೋಗಿ ಸರಿಮಾಡುವ ಹೊಣೆ ನಿಮ್ಮದು. ರಜೆಗೆ ಬಂದವರು ಇಟ್ಟು ಹೋಗುವ ಹಾಗಿಲ್ಲ.

ಲಾಗ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯಬಹುದಾ?

ಬರೆಯಿರಿ. ಯಾವ ಭಾಷೆಗೂ ಅಡ್ಡಿಯಿಲ್ಲ. ಆ್ಯಪ್‌ನಲ್ಲಿ ಬರೆಯುವಾಗ ಮಾತ್ರ ಕನ್ನಡದ ಕೆಳಗೆ ಒಂದು ಸಾಲು ಇಂಗ್ಲಿಷ್ ಸೇರಿಸಿ. ಡಬ್ಬಿ ಇಟ್ಟವರು ತಮ್ಮ ಶ್ರಮದ ಬಗ್ಗೆ ಯಾರು ಏನು ಹೇಳಿದರು ಅಂತ ಕಾದು ಓದುತ್ತಾರೆ. ಡಬ್ಬಿ ಒದ್ದೆಯಾಗಿದ್ದರೆ ಅದನ್ನೂ ತಿಳಿಸಿ. ಜಾಗದ ಗುಟ್ಟು ಬಿಟ್ಟುಕೊಡಬೇಡಿ.

ಸಿಗದಿದ್ದರೆ?

ಸಿಗಲಿಲ್ಲ ಅಂತಲೇ ದಾಖಲಿಸಿ. ಇಟ್ಟವರಿಗೆ ಅದು ಉಪಯೋಗದ ಸುದ್ದಿ. ಬೇಲಿ ಕಿತ್ತು, ಕಲ್ಲು ಕೆದರಿ ಹುಡುಕಬೇಡಿ. ಇಪ್ಪತ್ತು ನಿಮಿಷ ನೋಡಿ, ಮುಂದಿನದಕ್ಕೆ ಹೊರಡಿ. ಡೇಸ್ ಲಾಕ್ ಕಡೆಗೆ ಹೋಗುವ ದಾರಿಯಲ್ಲಿ ನನಗೆ ಮೂರು ಸಲ ಸಿಗದ ಒಂದು ಡಬ್ಬಿ ಇದೆ. ಬರುವ ಅಕ್ಟೋಬರ್‌ನಲ್ಲಿ, ಎಲೆ ಉದುರಿದ ಮೇಲೆ, ಮತ್ತೆ ಹೋಗುತ್ತೇನೆ.